ಹತ್ತು ಜನರನ್ನು ಹಾರಿಸುವ ನಾಯಕನನ್ನು ಒಪ್ಪುವ ಅಪ್ಪ, ಮಳೆಯಂತ್ರವನ್ನು ಯಾಕೆ ಒಪ್ಪಲಿಲ್ಲ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ಹದಿನೈದು ಎಕರೆ ರೋಬಸ್ಟಾ ತೋಟ. ನಾನೊಂದು ಸೈನ್ಸ್ ಫಿಕ್ಷನ್ ಚಿತ್ರಕಥೆ ಬರೆಯುತ್ತಿದ್ದೇನೆ. 2070ರ ಕೊಡಗು, ಬೆಟ್ಟದ ಮೇಲೆ ಒಂದು ಯಂತ್ರ. ಗುಂಡಿ ಒತ್ತಿದರೆ ಮಳೆ ಸುರಿಯುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಅಪ್ಪನಿಗೆ ಓದಿ ಹೇಳಿದೆ. ಎರಡನೇ ಪುಟಕ್ಕೆ ‘ಬರೀ ಬುರುಡೆ’ ಎಂದು ಎದ್ದು ಹೋದರು. ಇದೇ ಅಪ್ಪ ಹಿಂದಿನ ವಾರ ಟಿವಿಯಲ್ಲಿ ನಾಯಕ ಒಂದೇ ಒದೆತಕ್ಕೆ ಹತ್ತು ಜನರನ್ನು ಹಾರಿಸಿದಾಗ ಚಪ್ಪಾಳೆ ತಟ್ಟಿದ್ದರು. ಅದು ಬುರುಡೆಯಲ್ಲವೆ? ಆಕ್ಷನ್ ಸಿನಿಮಾಕ್ಕೆ ಸಿಗುವ ರಿಯಾಯಿತಿ ಸೈನ್ಸ್ ಫಿಕ್ಷನ್‌ಗೆ ಯಾಕಿಲ್ಲ? ನಾನು ವಿಜ್ಞಾನವನ್ನು ಇನ್ನೂ ಬಿಗಿ ಮಾಡಬೇಕೆ? ಪೂರ್ತಿ ಕರಡನ್ನು ಇದರ ಜೊತೆ ಕಳಿಸಿದ್ದೇನೆ.

ಉತ್ತರ: ನಿಮ್ಮ ತಂದೆಯವರು ಎದ್ದು ಹೋದದ್ದು ನಿಮಗೆ ನೋವು ತಂದಿದೆ. ಆದರೆ ನಿಮ್ಮ ಚಿತ್ರಕಥೆಗೆ ಸಿಕ್ಕಿರುವ ಮೊದಲ ಗಟ್ಟಿ ವಿಮರ್ಶೆ ಅದೇ ಎಂದು ನಾನು ತಿಳಿಯುತ್ತೇನೆ. ಮಡಿಕೇರಿಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ನಾನು. ಈಗ ಹೊಸಬರು ಕಳಿಸುವ ಚಿತ್ರಕಥೆಗಳನ್ನು ಓದಿ, ಎಲ್ಲಿ ಕಥೆ ನಂಬಿಕೆ ಕಳೆದುಕೊಳ್ಳುತ್ತದೆ ಎಂದು ಗುರುತು ಹಾಕಿ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಖಚಿತವಾದ ಸಂಗತಿ ಇದು: ಮನುಷ್ಯ ತನಗೆ ಲೆಕ್ಕ ಗೊತ್ತಿರುವ ಜಾಗದಲ್ಲಿ ಮಾತ್ರ ‘ಸುಳ್ಳು’ ಎನ್ನುತ್ತಾನೆ. ನಿಮ್ಮ ತಂದೆಯವರಿಗೆ ಮಳೆಯ ಲೆಕ್ಕ ಗೊತ್ತು.

ಎಷ್ಟರಮಟ್ಟಿಗೆ ಗೊತ್ತು ಎಂದು ನೋಡಿ. ಫೆಬ್ರವರಿ ಕಳೆದು ಮಾರ್ಚ್ ಬಂದರೂ ಹೂಮಳೆ ಬೀಳದಿದ್ದರೆ ಕೆರೆಗೆ ಪಂಪ್ ಇಳಿಸಬೇಕು, ಪೈಪು ಜೋಡಿಸಬೇಕು, ಸ್ಪ್ರಿಂಕ್ಲರ್ ತಿರುಗಿಸಬೇಕು. ಎಕರೆಗೆ ಒಂದಿಂಚಾದರೂ ನೀರು ಬೀಳದಿದ್ದರೆ ರೋಬಸ್ಟಾ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಒಂದು ಎಕರೆಯ ಮೇಲೆ ಒಂದಿಂಚು ಎಂದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಲ ಬಂದು ಸುರಿದಷ್ಟು. ರಾತ್ರಿಯಿಡೀ ಎಂಜಿನ್ ಹೊಡೆದುಕೊಳ್ಳುತ್ತದೆ, ಬೆಳಗಿನ ಜಾವ ಎದ್ದು ಪೈಪು ಬದಲಿಸಬೇಕು, ಕೆರೆಯ ನೀರು ಕಣ್ಣೆದುರೇ ಕೆಳಗಿಳಿಯುತ್ತದೆ. ಹಾಗೆ ನೀರು ಕೊಟ್ಟ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಾಗ ಪಟ್ಟ ಕಷ್ಟ ಮರೆಯುತ್ತದೆ, ಡೀಸೆಲ್ ಬಿಲ್ ಮಾತ್ರ ಮರೆಯುವುದಿಲ್ಲ. ಒಂದಿಂಚು ಮಳೆಯ ಬೆಲೆ ಹೀಗೆ ಮೈಮೇಲೆ ಬಂದಿರುವ ಮನುಷ್ಯನ ಎದುರು ನೀವು ‘ಗುಂಡಿ ಒತ್ತಿದ, ಮಳೆ ಬಂತು’ ಎಂದು ಓದಿದಿರಿ. ಆ ಸಾಲಿನಲ್ಲಿ ಪಂಪಿಲ್ಲ, ಕೆರೆಯಿಲ್ಲ, ಡೀಸೆಲ್ಲಿಲ್ಲ. ಅವರು ಎದ್ದು ಹೋದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈಗ ಅದೇ ತಂದೆಯವರಿಗೆ ಕೋವಿಯ ದೃಶ್ಯವೊಂದನ್ನು ತೋರಿಸಿ. ಖಳನಾಯಕನಿಗೆ ಗುಂಡು ತಾಗಿ ಅವನು ಹತ್ತು ಅಡಿ ಹಿಂದಕ್ಕೆ ಹಾರಿ ಗಾಜಿನ ಬಾಗಿಲು ಒಡೆದುಕೊಂಡು ಬೀಳುವ ದೃಶ್ಯ. ಬೇರೆ ಊರಿನ ಪ್ರೇಕ್ಷಕರು ಕಣ್ಣು ಮಿಟುಕಿಸದೆ ನೋಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಹಿಂದಿನ ಸಾಲಿನಿಂದ ಯಾರೋ ನಕ್ಕೇ ನಗುತ್ತಾರೆ. ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವ ಮನೆಗಳಿವು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡುತ್ತಲೇ ಮಕ್ಕಳು ಬೆಳೆಯುತ್ತಾರೆ. ಕಾಯಿ ಒಡೆಯುತ್ತದೆ, ಅದನ್ನು ಕಟ್ಟಿದ ಮರ ಅಲುಗುವುದಿಲ್ಲ ಎಂಬುದನ್ನು ಎಲ್ಲರೂ ಕಣ್ಣಾರೆ ಕಂಡವರೇ.

ಇದರ ಲೆಕ್ಕ ನಾನು ಪ್ರತಿವರ್ಷ ತರಗತಿಯಲ್ಲಿ ಮಾಡಿಸುತ್ತಿದ್ದೆ. ಹನ್ನೆರಡು ಬೋರಿನ ಕೋವಿಯ ಒಂದು ತೋಟಾದಲ್ಲಿ ಸುಮಾರು 30 ಗ್ರಾಂ ಸೀಸ. ಅದು ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಅಷ್ಟೂ ಸೀಸ 70 ಕಿಲೋ ತೂಕದ ಮನುಷ್ಯನ ಮೈಯೊಳಗೆ ನಿಂತುಹೋದರೂ ಅವನಿಗೆ ಸಿಗುವ ವೇಗ ಸೆಕೆಂಡಿಗೆ 17 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಅದಕ್ಕಿಂತ ಬೇಗ ಹೋಗುತ್ತದೆ. ಗುಂಡು ತಾಗಿದವನು ಹಾರುವುದೇ ನಿಜವಾದರೆ ಗುಂಡು ಹೊಡೆದವನೂ ಹಿಂದಕ್ಕೆ ಹಾರಬೇಕು, ಕೋವಿ ಭುಜಕ್ಕೆ ಒದೆಯುವುದೂ ಅದೇ ಪೆಟ್ಟಿನ ಇನ್ನೊಂದು ತುದಿ. ಈ ಲೆಕ್ಕ ಮುಗಿದಾಗ ಹಿಂದಿನ ಬೆಂಚಿನ ಹುಡುಗರು, ‘ಗೊತ್ತು ಸಾರ್, ಭುಜ ನೀಲಿಯಾಗ್ತದೆ ಅಷ್ಟೆ’ ಎನ್ನುತ್ತಿದ್ದರು. ಸೂತ್ರ ಕಲಿಯುವ ಮೊದಲೇ ಭುಜ ಕಲಿತಿತ್ತು. ಇನ್ನೊಂದು: ಮುಚ್ಚಿದ ಕೋಣೆಯಲ್ಲಿ ಜೋಡುನಳಿಗೆ ಹಾರಿಸಿ, ಮರುಕ್ಷಣ ನಾಯಕಿಯ ಕಿವಿಯಲ್ಲಿ ಪಿಸುಗುಡುವ ನಾಯಕರಿದ್ದಾರೆ. ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ. ಬಯಲಿನಲ್ಲಿ ಹಾರಿಸಿದರೂ ಕಿವಿ ಗುಂಯ್‌ಗುಡುತ್ತದೆ, ಕೋಣೆಯಲ್ಲಿ ಹಾರಿಸಿದವನಿಗೆ ಆ ಹೊತ್ತು ಪಿಸುಮಾತಲ್ಲ, ಕೂಗಿದರೂ ಕೇಳದು.

ನಮ್ಮ ನೆರೆಯಲ್ಲಿ ನಿವೃತ್ತ ಸುಬೇದಾರರೊಬ್ಬರು ಇದ್ದರು. ಒಮ್ಮೆ ಅವರ ಜೊತೆ ಯುದ್ಧದ ಸಿನಿಮಾ ನೋಡಿದೆ. ನಾಯಕ ಒಬ್ಬನೇ ಒಂದು ಠಾಣ್ಯ ಹಿಡಿದ; ಅವರು ಸುಮ್ಮನಿದ್ದರು. ಕೈಬಾಂಬ್ ಬಿದ್ದಲ್ಲೆಲ್ಲ ಕಿತ್ತಳೆ ಬಣ್ಣದ ಬೆಂಕಿಯ ಉಂಡೆ ಎದ್ದಿತು. ನಿಜದ ಕೈಬಾಂಬ್ ಎಬ್ಬಿಸುವುದು ಬೂದು ಹೊಗೆ, ಮಣ್ಣು. ಆ ಬೆಂಕಿ ಸಿನಿಮಾದವರು ಪೆಟ್ರೋಲ್ ಇಟ್ಟು ಮಾಡುವಂಥದ್ದು. ಆಗಲೂ ಅವರು ಸುಮ್ಮನಿದ್ದರು. ಕೊನೆಯಲ್ಲಿ ನಾಯಕ ಬರಿದಲೆಯಲ್ಲಿ ನಿಂತು ಸೆಲ್ಯೂಟ್ ಹೊಡೆದ. ಸುಬೇದಾರರು ಕುರ್ಚಿಯಿಂದ ಎದ್ದೇಬಿಟ್ಟರು. ‘ಟೋಪಿ ಇಲ್ಲದೆ ನಮ್ಮ ಸೈನ್ಯದಲ್ಲಿ ಕೈಯೆತ್ತಿ ಸೆಲ್ಯೂಟ್ ಇಲ್ಲ ಮಾಸ್ಟ್ರೇ, ಸಾವಧಾನ್ ನಿಲ್ಲುವುದು ಮಾತ್ರ.’ ಒಬ್ಬನೇ ಠಾಣ್ಯ ಹಿಡಿದದ್ದು ಅವರಿಗೆ ಕಥೆಯಾಗಿ ಕಂಡಿತ್ತು. ಸೆಲ್ಯೂಟ್ ಅವರ ಮೂವತ್ತು ವರ್ಷದ ಬದುಕು. ಬರೆಯುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ದೊಡ್ಡ ಸುಳ್ಳನ್ನು ಪ್ರೇಕ್ಷಕ ಎಷ್ಟೋ ಸಲ ತಾನಾಗಿಯೇ ಬಿಟ್ಟುಕೊಡುತ್ತಾನೆ; ತಾನು ದಿನಾ ಮುಟ್ಟಿದ ವಸ್ತುವನ್ನು ತಪ್ಪಾಗಿ ತೋರಿಸಿದರೆ ಮಾತ್ರ ಬಿಡುವುದಿಲ್ಲ.

ಹಾಗಾದರೆ ಹತ್ತು ಜನ ಹಾರುವ ದೃಶ್ಯಕ್ಕೆ ಚಪ್ಪಾಳೆ ಎಲ್ಲಿಂದ ಬಂತು? ಒದೆತದ ಲೆಕ್ಕ ನಿಮ್ಮ ತಂದೆಯವರಿಗೆ ಗೊತ್ತಿಲ್ಲವೆಂದಲ್ಲ. ಇಲ್ಲಿ ಇನ್ನೊಂದು ಸಂಗತಿ ಕೆಲಸ ಮಾಡುತ್ತದೆ, ಅದನ್ನು ಹೇಳಲು ನಮ್ಮಲ್ಲಿ ಹಳೆಯ, ಸೊಗಸಾದ ಎರಡು ಪದಗಳಿವೆ. ಭರತನ ನಾಟ್ಯಶಾಸ್ತ್ರ ಅಭಿನಯದ ರೀತಿಯನ್ನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಬೇರ್ಪಡಿಸುತ್ತದೆ. ಲೋಕದಲ್ಲಿ ನಡೆಯುವಂತೆಯೇ ತೋರಿಸುವುದು ಲೋಕಧರ್ಮಿ. ರಂಗಕ್ಕೆಂದೇ ಇರುವ ಕಟ್ಟಳೆಯಲ್ಲಿ ತೋರಿಸುವುದು ನಾಟ್ಯಧರ್ಮಿ: ಪಕ್ಕದಲ್ಲಿ ನಿಂತವನು ಆಡಿದ ಮಾತು ಇನ್ನೊಬ್ಬನಿಗೆ ಕೇಳಿಸಲಿಲ್ಲವೆಂದು ಒಪ್ಪುವುದು, ರಂಗದ ಮೇಲೆ ನಾಲ್ಕು ಹೆಜ್ಜೆ ಸುತ್ತಿ ಬಂದರೆ ದೂರದ ಊರಿಗೆ ಹೋದನೆಂದು ಒಪ್ಪುವುದು. ಯಕ್ಷಗಾನದಲ್ಲಿ ವೇಷಧಾರಿ ಎರಡು ಸುತ್ತು ಧಿಗಿಣ ಹಾಕಿದರೆ ಸಮುದ್ರ ದಾಟಿದ. ‘ಒದ್ದೆಯಾಗಲಿಲ್ಲವಲ್ಲ’ ಎಂದು ಯಾರೂ ಕೇಳಿದ್ದಿಲ್ಲ.

ದೂರ ಯಾಕೆ, ಮಡಿಕೇರಿ ದಸರೆಯ ದಶಮಂಟಪಗಳನ್ನು ನೆನೆಸಿಕೊಳ್ಳಿ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಬೆಳಕು, ಹೊಗೆ, ಸದ್ದು ಕಟ್ಟಿಕೊಂಡು ಬೀದಿಗೆ ಬರುತ್ತವೆ. ದೇವಿ ತ್ರಿಶೂಲ ಎತ್ತುತ್ತಾಳೆ, ಅಸುರ ಎದ್ದು ಬಾಯಿ ತೆರೆಯುತ್ತಾನೆ. ಮೂರ್ತಿಯ ಕೆಳಗೆ ಟ್ರ್ಯಾಕ್ಟರ್ ಇದೆ, ಪಕ್ಕದಲ್ಲಿ ಜನರೇಟರ್ ಗುಡುಗುಡಿಸುತ್ತಿದೆ, ಅಸುರನ ಕತ್ತು ಯಂತ್ರದ ಮೇಲೆ ತಿರುಗುತ್ತಿದೆ. ಎಲ್ಲವೂ ಎಲ್ಲರಿಗೂ ಕಾಣುತ್ತಿದೆ. ಆದರೂ ಚಳಿಯಲ್ಲಿ ಶಾಲು ಹೊದ್ದು ಬೆಳಗಿನ ತನಕ ನಿಂತ ಸಾವಿರಾರು ಜನ ಅಸುರ ಉರುಳುವಾಗ ಒಂದೇ ಕೊರಳಾಗಿ ಕೂಗುತ್ತಾರೆ. ನಾನೂ ಎಷ್ಟೋ ವರ್ಷ ಅಲ್ಲಿ ನಿಂತು ಕೂಗಿದ್ದೇನೆ. ಆ ಕೂಗಿನಲ್ಲಿ ಮೋಸ ಹೋದವರು ಯಾರೂ ಇಲ್ಲ. ಆಕ್ಷನ್ ಸಿನಿಮಾದ ನಾಯಕ ಆ ಮಂಟಪದ ಮೇಲಿಂದ ಇಳಿದು ಬಂದವನು. ಅವನು ವೀರರಸ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ, ಗುರುತ್ವ ಪಾಲಿಸುತ್ತೇನೆಂದು ಎಲ್ಲೂ ಹೇಳಿಲ್ಲ. ಕೊಟ್ಟ ಮಾತು ನಡೆಸಿದ, ನಿಮ್ಮ ತಂದೆಯವರು ಚಪ್ಪಾಳೆ ತಟ್ಟಿದರು.

ಹಾಗೆಂದು ಆಕ್ಷನ್ ಸಿನಿಮಾಕ್ಕೆ ನಂಬಿಕೆಯ ಹೊಣೆಯೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಅದರ ಹೊಣೆ ಮೈಯಲ್ಲಿದೆ. ಸುಗ್ಗಿಹಬ್ಬವಾದ ಪುತ್ತರಿಯ ಸಮಯದಲ್ಲಿ ಊರ ಬಯಲಾದ ಮಂದ್‌ನಲ್ಲಿ ನಡೆಯುವ ಪರಿಯ ಕಳಿ ನೋಡಿದ್ದೀರಲ್ಲ. ಕೈಯಲ್ಲಿ ಬೆತ್ತ, ಗುರಾಣಿ, ಪೆಟ್ಟು ಮೊಣಕಾಲಿನ ಕೆಳಗೆ ಮಾತ್ರ. ಬೆತ್ತ ಕಣಕಾಲಿಗೆ ಬಿದ್ದ ಕ್ಷಣ ಹೊಡೆದವನನ್ನು ನೋಡಬೇಡಿ, ತಿಂದವನ ಮುಖ ನೋಡಿ. ದವಡೆ ಬಿಗಿಯುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ, ಮುಂದಿನ ಹೆಜ್ಜೆ ಸ್ವಲ್ಪ ತಡವಾಗಿ ಬೀಳುತ್ತದೆ. ಆ ತಡವಾದ ಹೆಜ್ಜೆಯೇ ಪೆಟ್ಟನ್ನು ನೋಡುಗನ ಕಾಲಿಗೆ ದಾಟಿಸುತ್ತದೆ. ನಾಯಕ ಎಷ್ಟು ಜನರನ್ನು ಬೇಕಾದರೂ ಹಾರಿಸಲಿ, ನಾಲ್ಕನೆಯವನ ಹೊತ್ತಿಗೆ ಅವನಿಗೂ ಏದುಸಿರು ಬರಲಿ, ಮುಷ್ಟಿ ಊದಲಿ, ಆಗ ಕಥೆಯಲ್ಲಿ ಭಯ ಹುಟ್ಟುತ್ತದೆ. ಎರಡೂವರೆ ಗಂಟೆಯಲ್ಲಿ ಒಮ್ಮೆಯೂ ನೋವಾಗದವನ ಬಗ್ಗೆ ಯಾರಿಗೆ ಆತಂಕ?

ಜೀಪು ಹಾರಿಸುವ ದೃಶ್ಯಗಳೂ ಹಾಗೆಯೇ. ಗಂಟೆಗೆ 72 ಕಿಲೋಮೀಟರ್ ವೇಗದ ಜೀಪು 20 ಮೀಟರ್ ಅಗಲದ ಕಂದಕ ದಾಟಲು ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಕೆಳಗೆ ಬಿದ್ದಿರುತ್ತದೆ. ಸಮತಟ್ಟಾದ ರಸ್ತೆಯಿಂದ ಸಮತಟ್ಟಾದ ರಸ್ತೆಗೆ ಹಾರಲು ಸಾಧ್ಯವೇ ಇಲ್ಲ, ಹತ್ತಿರ ಹತ್ತಿರ 15 ಡಿಗ್ರಿಯ ಇಳಿಜಾರು ಹಲಗೆಯಿಂದ ಅದನ್ನು ಮೇಲಕ್ಕೆ ಚಿಮ್ಮಿಸಬೇಕು. ಫೈಟ್ ಮಾಸ್ಟರ್‌ಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅವರು ಹಲಗೆ ಕಟ್ಟುತ್ತಾರೆ, ಕ್ಯಾಮೆರಾ ಅದನ್ನು ಮರೆಸುತ್ತದೆ. ಆಕ್ಷನ್ ಸಿನಿಮಾ ತೆರೆಯ ಮೇಲೆ ಎಷ್ಟೇ ಸುಳ್ಳಾಡಲಿ, ತೆಗೆಯುವ ಜಾಗದಲ್ಲಿ ಭೌತಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಲೇಬೇಕು. ಪಾಲಿಸದಿದ್ದರೆ ಜೀವ ಹೋಗುತ್ತದೆ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕೆಂದು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ‘ನೈಜವಾಗಿ ಬರಬೇಕು’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ನೀವು ಮುಂದೆ ನಿರ್ದೇಶನ ಮಾಡುವುದಾದರೆ ಇದನ್ನು ಮರೆಯಬೇಡಿ.

ಇನ್ನು ನಿಮ್ಮ ಸೈನ್ಸ್ ಫಿಕ್ಷನ್. ಇದು ಪ್ರೇಕ್ಷಕನಿಗೆ ಕೊಡುವ ಮಾತೇ ಬೇರೆ. ‘ಇದು ನಿಮ್ಮ ಲೋಕವೇ, ಒಂದೇ ಒಂದು ಸಂಗತಿ ಬದಲಾಗಿದೆ, ಅದರಿಂದ ಏನೇನಾಗುತ್ತದೆ ಬನ್ನಿ ನೋಡೋಣ’ ಎಂದು ಕರೆಯುತ್ತದೆ. ಅಂದರೆ ಲೋಕಧರ್ಮಿಯ ಮಾತು. ಕಾರಣ ಇಟ್ಟರೆ ಕಾರ್ಯ ಬರಬೇಕು, ಖರ್ಚು ಬರೆದರೆ ಜಮೆ ತೋರಿಸಬೇಕು. ಇಂಗ್ಲಿಷ್ ಸೈನ್ಸ್ ಫಿಕ್ಷನ್ ಲೇಖಕ ಎಚ್.ಜಿ. ವೆಲ್ಸ್ ತನ್ನ ಕಥೆಗಳ ಬಗ್ಗೆ ಬರೆಯುತ್ತ, ಅಸಾಧ್ಯವಾದದ್ದು ಒಂದೇ ಇರಲಿ, ಉಳಿದದ್ದೆಲ್ಲ ದಿನಬಳಕೆಯದಾಗಿರಲಿ ಎಂಬ ಅರ್ಥದ ಸಲಹೆ ಕೊಟ್ಟಿದ್ದಾನೆ. ನೂರು ವರ್ಷದ ಹತ್ತಿರವಾದರೂ ಅದಕ್ಕಿಂತ ಉಪಯೋಗದ ಸಲಹೆ ನನಗೆ ಸಿಕ್ಕಿಲ್ಲ. ನಿಮಗೆ ಒಂದು ಸುಳ್ಳಿಗೆ ಪರವಾನಗಿ ಇದೆ. ನಿಮ್ಮ ಈಗಿನ ಕರಡಿನಲ್ಲಿ ಆ ಒಂದು ಸುಳ್ಳಿನ ಹಿಂದೆ ನೀವು ಗಮನಿಸದೆ ಇನ್ನೂ ಕೆಲವು ನುಸುಳಿವೆ.

ಮೊದಲನೆಯದು ಶಕ್ತಿಯ ಲೆಕ್ಕ. ಆಗಲೇ ಹೇಳಿದ ಒಂದು ಎಕರೆಯ ಒಂದಿಂಚು ಮಳೆಯನ್ನೇ ತೆಗೆದುಕೊಳ್ಳಿ. ಅಷ್ಟು ನೀರು ಆವಿಯ ರೂಪದಿಂದ ಹನಿಯಾಗುವಾಗ ಹೊರಬೀಳುವ ಶಾಖವನ್ನು ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 71 ಸಾವಿರ ಯೂನಿಟ್. ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ ನಲವತ್ತು ವರ್ಷ ಸಾಕು. ನಿಮ್ಮ ಹದಿನೈದು ಎಕರೆಗೆ ಹತ್ತು ಲಕ್ಷ ಯೂನಿಟ್ ದಾಟಿತು, ಅದೂ ಒಂದೇ ಒಂದು ಇಂಚಿಗೆ. ಜುಲೈಯಲ್ಲಿ ನಮ್ಮಲ್ಲಿ ಒಂದು ದಿನಕ್ಕೆ ನಾಲ್ಕೈದು ಇಂಚು ಹೊಡೆಯುವುದು ಹೊಸತೇನಲ್ಲ. ಬಿದ್ದ ನೀರನ್ನು ಮತ್ತೆ ಆವಿ ಮಾಡಿ ಮೇಲೆ ಕಳಿಸುತ್ತೇನೆಂದರೆ ಅಷ್ಟೇ ಶಕ್ತಿ ನೀವು ಕೊಡಬೇಕು. ಬೆಟ್ಟದ ಮೇಲಿನ ನಿಮ್ಮ ಯಂತ್ರಕ್ಕೆ ಅದನ್ನು ಎಲ್ಲಿಂದ ತಂದಿರಿ? ‘ಸೋಲಾರ್’ ಎಂದು ಒಂದು ಪದ ಬರೆದು ದಾಟಿದ್ದೀರಿ. ಮಳೆಗಾಲದ ಮಡಿಕೇರಿಯಲ್ಲಿ ವಾರಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ ಎಂಬುದು ಇಲ್ಲಿ ಬಟ್ಟೆ ಒಣಗಿಸುವ ಎಲ್ಲರಿಗೂ ಗೊತ್ತು.

ಹಾಗಾದರೆ ಮಳೆಯಂತ್ರ ಬಿಟ್ಟುಬಿಡಬೇಕೆ? ಖಂಡಿತ ಬೇಡ. ಸುಳ್ಳನ್ನು ಸಣ್ಣದು ಮಾಡಿ. ನಿಜದಲ್ಲಿ ಏನಿದೆ ಎಂದು ನೋಡಿ. 1946ರಲ್ಲಿ ಅಮೆರಿಕದ ವಿನ್ಸೆಂಟ್ ಷೆಫರ್ ವಿಮಾನದಿಂದ ಮೋಡಕ್ಕೆ ಒಣ ಮಂಜುಗಡ್ಡೆ ಎರಚಿ ಹಿಮ ಉದುರಿಸಿ ತೋರಿಸಿದ. ಅದರ ಬೆನ್ನಿಗೇ ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೋಡೈಡ್ ಕೂಡ ಅದೇ ಕೆಲಸ ಮಾಡುತ್ತದೆಂದು ಕಂಡುಕೊಂಡ. ನಮ್ಮ ರಾಜ್ಯದಲ್ಲೇ 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ಮೋಡಬಿತ್ತನೆ ನಡೆಯಿತು. ಇವೆಲ್ಲದರ ಮಿತಿ ಒಂದೇ: ಮೋಡ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಳೆಗೆ ಬೇಕಾದ ಅಗಾಧ ಶಕ್ತಿಯನ್ನು ಸೂರ್ಯ ಆಗಲೇ ಅರಬ್ಬೀ ಸಮುದ್ರದ ಮೇಲೆ ಖರ್ಚು ಮಾಡಿ ಮೋಡದಲ್ಲಿ ಕೂಡಿಟ್ಟಿದ್ದಾನೆ; ಮನುಷ್ಯ ಮಾಡುವುದು ಒಂದು ಸಣ್ಣ ತಳ್ಳು. ನಿಮ್ಮ ಯಂತ್ರವೂ ಅಷ್ಟೇ ಮಾಡಲಿ. ಮಳೆಯನ್ನು ಹುಟ್ಟಿಸುವುದು ಬೇಡ, ಹೇಗೂ ಬರುವ ಮೋಡ ಎಲ್ಲಿ ಇಳಿಯಬೇಕೆಂದು ತೀರ್ಮಾನಿಸಲಿ. ಅದು ಇಂದಿನ ವಿಜ್ಞಾನಕ್ಕೆ ಆಗದ ಕೆಲಸ, ಹಾಗಾಗಿ ಸುಳ್ಳೇ. ಆದರೆ ನಿಮ್ಮ ತಂದೆಯವರು ಅದನ್ನು ಕೇಳಿಸಿಕೊಳ್ಳುತ್ತಾರೆ, ಯಾಕೆಂದರೆ ಅದರಲ್ಲಿ ಖರ್ಚು-ಜಮೆ ಇದೆ. ಇಲ್ಲಿ ಇಳಿದ ಮಳೆ ಅಲ್ಲಿಗೆ ಇಲ್ಲ.

ಇಷ್ಟು ಬದಲಾಯಿಸಿದ ಕೂಡಲೇ ನಿಮಗೆ ಕಥೆ ಸಿಗುತ್ತದೆ. ನಾನು ಇದನ್ನು ಯೋಚಿಸುತ್ತ ಒಂದು ರಾತ್ರಿ ನಿದ್ದೆ ಬಿಟ್ಟಿದ್ದೇನೆ, ಅಷ್ಟು ಚೆನ್ನಾಗಿದೆ ನಿಮ್ಮ ವಸ್ತು. ಮಾರ್ಚ್ ತಿಂಗಳು ಎಂದುಕೊಳ್ಳಿ. ಒಬ್ಬರ ಕಣದಲ್ಲಿ ಕೊನೆಯ ಕುಯ್ಲಿನ ರೋಬಸ್ಟಾ ಒಣಗುತ್ತಿದೆ, ಮೆಣಸು ಚಾಪೆಯ ಮೇಲಿದೆ. ಒಂದು ಹನಿ ಬಿದ್ದರೆ ನಷ್ಟ. ಬೇಲಿಯಾಚೆಯವರ ಕುಯ್ಲು ಮುಗಿದಿದೆ, ಮೊಗ್ಗು ಕಟ್ಟಿ ನಿಂತಿದೆ, ಕೆರೆ ಬತ್ತಿದೆ. ಒಂದಿಂಚು ಬೀಳದಿದ್ದರೆ ಮುಂದಿನ ವರ್ಷದ ಫಸಲಿಲ್ಲ. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು, ಒಂದೇ ಐನ್‌ಮನೆಯವರು. ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟಿರುವ ಅಧಿಕಾರಿ ಯಾರ ಮಾತು ಕೇಳಬೇಕು? ಇಲ್ಲಿ ಖಳನಾಯಕನೇ ಬೇಕಿಲ್ಲ. ನಿಮ್ಮ ಈಗಿನ ಕರಡಿನ ಕಪ್ಪು ಕೋಟಿನ ವಿದೇಶಿ ವಿಜ್ಞಾನಿಯನ್ನು ದಯವಿಟ್ಟು ಕೈಬಿಡಿ.

ಇನ್ನೂ ಸ್ವಲ್ಪ ಮೇಲೆ ಹತ್ತಿ ನೋಡಿ. ದಕ್ಷಿಣ ಕೊಡಗಿನ ಬೆಟ್ಟಸಾಲಿನ ನೆತ್ತಿಯೇ ನೀರಿನ ಗಡಿ. ಪಡುವಣಕ್ಕೆ ಬಿದ್ದ ಹನಿ ಬರಪೊಳೆ ಹಿಡಿದು ಕೇರಳದ ಮೂಲಕ ಅರಬ್ಬೀ ಸಮುದ್ರ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ಲಕ್ಷ್ಮಣತೀರ್ಥವೋ ಕಾವೇರಿಯೋ ಆಗಿ ಕೆ.ಆರ್.ಎಸ್. ತುಂಬಿಸುತ್ತದೆ, ಮಂಡ್ಯದ ಗದ್ದೆಗೆ, ಬೆಂಗಳೂರಿನ ನಲ್ಲಿಗೆ, ಅಲ್ಲಿಂದಾಚೆ ತಮಿಳುನಾಡಿಗೆ ಹೋಗುತ್ತದೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಎಂದು ನಿಗದಿ ಮಾಡಿತು. ಬಿದ್ದ ನೀರನ್ನು ಹಂಚಿಕೊಳ್ಳಲೇ ನೂರು ವರ್ಷಕ್ಕೂ ಹಳೆಯ ಜಗಳವಿರುವ ನದಿ ಇದು. ಬೀಳುವ ಮೊದಲೇ ನೀರನ್ನು ಹಂಚಬಹುದಾದರೆ? ಮೋಡವನ್ನು ಐದು ಕಿಲೋಮೀಟರ್ ಅತ್ತ ತಳ್ಳಿದರೆ ಒಂದು ರಾಜ್ಯದ್ದು, ಇತ್ತ ತಳ್ಳಿದರೆ ಇನ್ನೊಂದರದ್ದು. ನಿಮ್ಮ 2070ರ ಕೊಡಗಿನಲ್ಲಿ ಈ ಪ್ರಶ್ನೆ ಯಾರೂ ಕೇಳುವುದೇ ಇಲ್ಲ. ಪ್ರೇಕ್ಷಕ ಕೇಳುತ್ತಾನೆ. ಹೊಸ ಯಂತ್ರ ಬಂದರೆ ಅದನ್ನು ಮೊದಲು ಯಾರು ಬೇಡುತ್ತಾರೆ, ಯಾರು ಕದಿಯುತ್ತಾರೆ, ಯಾರ ಕೆಲಸ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸೈನ್ಸ್ ಫಿಕ್ಷನ್ ಎಷ್ಟು ಕೋಟಿ ಸುರಿದರೂ ಪೊಳ್ಳಾಗಿ ಕಾಣುತ್ತದೆ. ತೂಕ ಇಲ್ಲವಾಗಿಸುವ ಯಂತ್ರದ ಕಥೆಯೊಂದನ್ನು ಹೋದ ವರ್ಷ ಓದಿದೆ. ಅದರಲ್ಲಿ ನಾಯಕ ಆ ಯಂತ್ರದಿಂದ ಬರೀ ಹೊಡೆದಾಡುತ್ತಾನೆ. ನನ್ನ ಮನಸ್ಸು ಮಾತ್ರ 50 ಕಿಲೋ ಕಾಫಿ ಚೀಲ ಹೊತ್ತು ಲಾರಿಗೆ ಏರಿಸುವವರ ಬೆನ್ನಿನ ಮೇಲೇ ಇತ್ತು. ಅಂಥ ಯಂತ್ರ ನಿಜಕ್ಕೂ ಬಂದರೆ ಮೊದಲು ಅವರ ಹತ್ತಿರ ಬರಬೇಕಲ್ಲವೆ?

ವಿಜ್ಞಾನವನ್ನು ಇನ್ನೂ ಬಿಗಿ ಮಾಡಬೇಕೆ ಎಂದು ಕೇಳಿದ್ದೀರಿ. ಇದಕ್ಕೆ ‘ಮಾರ್ಷಿಯನ್’ ಸಿನಿಮಾ ಒಳ್ಳೆಯ ಉದಾಹರಣೆ. ಮಂಗಳದಲ್ಲಿ ಒಬ್ಬನೇ ಉಳಿದು ಆಲೂಗಡ್ಡೆ ಬೆಳೆದು ಬದುಕುವವನ ಕಥೆ. ಹೆಜ್ಜೆ ಹೆಜ್ಜೆಗೂ ನೀರು, ಆಮ್ಲಜನಕ, ದಿನಗಳ ಲೆಕ್ಕ. ಆದರೆ ಅವನು ಒಬ್ಬನೇ ಉಳಿಯಲು ಕಾರಣವಾದ ಬಿರುಗಾಳಿಯೇ ತಪ್ಪು. ಮಂಗಳದ ವಾತಾವರಣದ ಒತ್ತಡ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ. ಅಲ್ಲಿ ಗಂಟೆಗೆ 100 ಕಿಲೋಮೀಟರ್ ಗಾಳಿ ಬೀಸಿದರೂ ನಮ್ಮ ಮೈಗೆ ಇಲ್ಲಿನ ಹದಿಮೂರು ಕಿಲೋಮೀಟರ್ ಗಾಳಿಯಷ್ಟೇ ತಾಗುತ್ತದೆ. ಗಾಳಿಬೀಡಿನವರು ಅದನ್ನು ಗಾಳಿ ಎಂದು ಕರೆಯುವುದೂ ಇಲ್ಲ. ಮೂಲ ಕಾದಂಬರಿಯ ಲೇಖಕರು ಈ ತಪ್ಪನ್ನು ತಾವೇ ಒಪ್ಪಿಕೊಂಡಿದ್ದಾರೆ. ಆದರೂ ನಾನು ಆ ಕಥೆಯನ್ನು ಪೂರ್ತಿ ನಂಬಿ ನೋಡಿದೆ. ಆ ಒಂದು ಸುಳ್ಳನ್ನು ಬಾಗಿಲಲ್ಲೇ ಕೊಟ್ಟು, ಒಳಗೆ ಬಂದ ಮೇಲೆ ಒಂದು ಆಲೂಗಡ್ಡೆಯ ಲೆಕ್ಕವನ್ನೂ ತಪ್ಪಿಸಲಿಲ್ಲ. ಸುಳ್ಳು ಹೇಳುವುದಿದ್ದರೆ ಕಥೆಯ ಮೊದಲಲ್ಲಿ ಹೇಳಿ, ಅದರಿಂದ ನಾಯಕನಿಗೆ ಕಷ್ಟ ಬರಲಿ. ಕೊನೆಯಲ್ಲಿ ಅವನನ್ನು ಪಾರುಮಾಡಲು ಹೊಸ ಸುಳ್ಳು ತಂದರೆ ಯಾರೂ ಕ್ಷಮಿಸುವುದಿಲ್ಲ. ನಿಮ್ಮ ಕ್ಲೈಮ್ಯಾಕ್ಸಿನಲ್ಲಿ ಯಂತ್ರಕ್ಕೆ ಇದ್ದಕ್ಕಿದ್ದಂತೆ ಸಿಡಿಲು ಎಸೆಯುವ ಶಕ್ತಿ ಬರುತ್ತದಲ್ಲ, ಅದು ಈ ಜಾತಿಯದು.

ನಿಜವಾದ ವಿಜ್ಞಾನ ಕಟ್ಟಿಹಾಕುತ್ತದೆ ಎಂದು ಹೊಸಬರು ಹೆದರುತ್ತಾರೆ. ನನ್ನ ಅನುಭವ ತದ್ವಿರುದ್ಧ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳದ ಕಕ್ಷೆಗೆ ಸೇರುವುದನ್ನು ನಾವು ಕಾಲೇಜಿನಲ್ಲಿ ಟಿವಿ ಮುಂದೆ ಕೂತು ನೋಡಿದೆವು. ಅಲ್ಲಿಂದ ರೇಡಿಯೋ ಸಂಕೇತ ಬರಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ಅಂದರೆ ನಾವು ಉಸಿರು ಬಿಗಿಹಿಡಿದು ಕಾಯುತ್ತಿದ್ದ ಘಟನೆ ಅಲ್ಲಿ ಆಗಲೇ ಮುಗಿದಿತ್ತು. ನೌಕೆ ಗೆದ್ದಿತ್ತು, ಇಲ್ಲವೇ ಸೋತಿತ್ತು, ತಿಳಿಯುವ ದಾರಿ ಮಾತ್ರ ಇರಲಿಲ್ಲ. ಆ ಹನ್ನೆರಡು ನಿಮಿಷ ತರಗತಿಯಲ್ಲಿ ಸೂಜಿ ಬಿದ್ದರೆ ಕೇಳಿಸುವಂತಿತ್ತು. ಯಾವ ಹಿನ್ನೆಲೆ ಸಂಗೀತ ಅಂಥ ಮೌನ ಕೊಡುತ್ತದೆ? ಮಂಗಳದವನ ಜೊತೆ ಭೂಮಿಯವರು ಫೋನಿನಲ್ಲಿ ಮಾತಾಡುವಂತೆ ಥಟ್ಟನೆ ಮಾತಾಡಿಸುವ ಸಿನಿಮಾಗಳು ವಿಜ್ಞಾನವನ್ನಷ್ಟೇ ಅಲ್ಲ, ಕೈಗೆ ಬಂದ ನಾಟಕವನ್ನೂ ಬಿಟ್ಟುಕೊಡುತ್ತವೆ. ‘ಇಂಟರ್‌ಸ್ಟೆಲ್ಲಾರ್’ನಲ್ಲಿ ಒಂದು ಗ್ರಹದ ಮೇಲೆ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಅದರ ಹಿಂದಿನ ಗಣಿತವನ್ನು ನೋಡಿಕೊಂಡ ಭೌತವಿಜ್ಞಾನಿ ಕಿಪ್ ಥಾರ್ನ್ ಅವರಿಗೆ ಬೇರೆ ಸಂಶೋಧನೆಗಾಗಿ 2017ರ ನೊಬೆಲ್ ಬಂತು. ಗಣಿತ ಯಾರಿಗೂ ಅರ್ಥವಾಗಬೇಕಿಲ್ಲ. ಅಪ್ಪ ನೌಕೆಗೆ ಹಿಂತಿರುಗಿ, ಇಪ್ಪತ್ತಮೂರು ವರ್ಷ ಕೂಡಿಬಿದ್ದ ಮಕ್ಕಳ ವೀಡಿಯೊಗಳನ್ನು ಒಂದರ ಹಿಂದೊಂದು ನೋಡುತ್ತಾನೆ. ಅಷ್ಟೇ ಸಾಕಾಯಿತು. ಗಲ್ಫಿಗೋ ಸೈನ್ಯಕ್ಕೋ ಹೋಗಿ, ಮಕ್ಕಳು ಬೆಳೆದದ್ದನ್ನು ಫೋಟೋದಲ್ಲಿ ಕಂಡ ಅಪ್ಪಂದಿರಿರುವ ಊರು ನಮ್ಮದು. ಸಾಪೇಕ್ಷತೆಯನ್ನು ನಮಗೆ ಬೇರೆ ವಿವರಿಸಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ಬೇಡಿಕೊಳ್ಳುತ್ತೇನೆ. ನಿಮ್ಮ ಕರಡಿನ ಮಧ್ಯದಲ್ಲಿ ಯಂತ್ರ ಕೆಟ್ಟು, ಬೆಟ್ಟ ಕುಸಿದು, ನಾಯಕ ಕುಸಿಯುವ ಮಣ್ಣಿನ ಮುಂದೆ ಬೈಕ್ ಓಡಿಸಿ ಪಾರಾಗುತ್ತಾನೆ. 2018ರ ಆಗಸ್ಟ್ ನೋಡಿದವರು ಈ ದೃಶ್ಯ ನೋಡಲಾರರು. ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆಯವರು ಅದನ್ನು ಹೇಗೆ ಸಹಿಸಬೇಕು? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ದಿನಗಳನ್ನು ಹೇಳುವಾಗ ಮೊದಲು ಹೇಳಿದ್ದು ಸದ್ದನ್ನಲ್ಲ, ಅಡುಗೆಮನೆಯ ನೀರನ್ನು. ಬೆಟ್ಟದ ಉಜರಿನಿಂದ (ಒರತೆಯಿಂದ) ಪೈಪಿನಲ್ಲಿ ಬರುತ್ತಿದ್ದ ತಿಳಿನೀರು ಬೆಳಿಗ್ಗೆ ಕಾಫಿ ಕಾಸಲು ಪಾತ್ರೆಗೆ ಹಿಡಿದಾಗ ಕೆಂಪಗಿತ್ತು. ಅವಳ ಅತ್ತೆ ಆ ಪಾತ್ರೆ ನೋಡಿ, ಒಲೆ ಆರಿಸಿ, ‘ಮಕ್ಕಳನ್ನು ಎಬ್ಬಿಸು’ ಎಂದರಂತೆ. ಅದರಿಂದ ಅವರೆಲ್ಲ ಬದುಕಿದರು. ಒರತೆ ಕೆಂಪಾಗುವುದು, ಹರಿಯುತ್ತಿದ್ದ ತೋಡು ಇದ್ದಕ್ಕಿದ್ದಂತೆ ಸಣ್ಣದಾಗುವುದು, ಅಂಗಳದಲ್ಲಿ ಬಿರುಕು, ನೆಟ್ಟಗಿದ್ದ ಸಿಲ್ವರ್ ಓಕ್ ವಾಲುವುದು, ಇವೆಲ್ಲ ಮಣ್ಣು ಜಾರುವ ನಿಜವಾದ ಮುನ್ಸೂಚನೆಗಳು. ಕೆಂಪು ನೀರಿನ ಒಂದು ಪಾತ್ರೆ ತೋರಿಸಿ. ಬೈಕ್, ಕಂಪ್ಯೂಟರ್ ಗ್ರಾಫಿಕ್ಸ್ ಯಾವುದೂ ಬೇಡ. ಕೊಡಗಿನ ಚಿತ್ರಮಂದಿರದಲ್ಲಿ ಯಾರೂ ಅಲುಗಾಡುವುದಿಲ್ಲ. ಬೇರೆ ಊರಿನವರಿಗೆ ಅದು ಹೊಸ ತಿಳಿವಳಿಕೆಯೂ ಆದೀತು, ಎಲ್ಲೋ ಒಂದು ಮನೆ ಉಳಿದರೂ ಉಳಿಯಬಹುದು.

ಇನ್ನು ಬರವಣಿಗೆಗೆ ಕೂರುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ತೋಟದಲ್ಲಿ ರೈನ್‌ಗೇಜ್ ಇರಲೇಬೇಕು, ಅದರ ಲೆಕ್ಕ ಬರೆದ ಪುಸ್ತಕವೂ ಇರಬೇಕು. ನಮ್ಮ ಬೆಳೆಗಾರರು ದಿನದ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ದಶಕಗಟ್ಟಲೆ ಬರೆದಿಡುತ್ತಾರೆ. ತಂದೆಯವರನ್ನು ಕೇಳಿ ಅದನ್ನು ಪಡೆಯಿರಿ. ಮಾರ್ಚ್ ತಿಂಗಳ ಪುಟಗಳನ್ನು ಮೊದಲು ಓದಿ. ನಿಮ್ಮ ಸಿನಿಮಾ ಗುಂಡಿಯಿಂದ ಶುರುವಾಗುವುದು ಬೇಡ, ಆ ಪುಸ್ತಕದಿಂದ ಶುರುವಾಗಲಿ: 2070ರ ಮಾರ್ಚ್, ಬೆಳಿಗ್ಗೆ ಏಳು ಗಂಟೆ, ಮುದುಕರೊಬ್ಬರು ರೈನ್‌ಗೇಜಿನ ಮುಚ್ಚಳ ತೆಗೆದು ಅಳತೆಗಾಜಿಗೆ ನೀರು ಸುರಿದು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ. ಒಂದು ಇಂಚು ಹತ್ತು ಸೆಂಟ್. ಒಳಗೆ ಬಂದು ಬರೆದಿಡುತ್ತಾರೆ. ಗೋಡೆಯ ಮೇಲಿನ ಪರದೆಯಲ್ಲಿ ಮಳೆ ಕಚೇರಿಯ ಆ ದಿನದ ಅಧಿಕೃತ ಲೆಕ್ಕ ಕಾಣುತ್ತದೆ: ನಿಮ್ಮ ತೋಟಕ್ಕೆ ಬಿಡುಗಡೆಯಾದ ಮಳೆ, ಸೊನ್ನೆ. ಅಂಗಳದಾಚೆ ದಾಯಾದಿಯ ಕಣದಲ್ಲಿ ಕಾಫಿ ನೆನೆದು ಬಿದ್ದಿದೆ, ಅವರು ಟಾರ್ಪಾಲು ಎಳೆಯುತ್ತ ಈ ಮನೆಯ ಕಡೆಗೇ ನೋಡುತ್ತಿದ್ದಾರೆ.

ಇಷ್ಟು ಬರೆದು ತಂದೆಯವರಿಗೆ ಮತ್ತೊಮ್ಮೆ ಓದಿ ಹೇಳಿ. ಅವರು ಎಲ್ಲಿ ತಡೆದು ‘ಹಾಗಲ್ಲ’ ಎನ್ನುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು, ಆ ಪುಟವನ್ನು ನನಗೆ ಕಳಿಸಿ.